ಅಲಾಸ್ಕಾ ಡೈರಿ: ಕೌಂಟ್‌ಡೌನ್ ನಿಂತೇ ಇತ್ತು

ದಿನ 1

ಸಿಯಾಟಲ್‌ನಿಂದ ಫೇರ್‌ಬ್ಯಾಂಕ್ಸ್‌ಗೆ ಮೂರೂವರೆ ಗಂಟೆಗಿಂತ ಚೂರು ಜಾಸ್ತಿ. ಫೆಬ್ರವರಿ ತಿಂಗಳು. ವಿಮಾನದಲ್ಲಿ ಅರ್ಧಕ್ಕರ್ಧ ಜನ ಅರೋರಾ, ಅಂದರೆ ಧ್ರುವದ ಕಡೆಯ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ನೋಡಲು ಹೊರಟವರು. ಪಕ್ಕದ ಸೀಟಿನ ದಂಪತಿ ಫೋನಿನಲ್ಲಿ ಹಸಿರು ಹಸಿರು ಫೋಟೋ ತೋರಿಸಿ, ನೀವೂ ಇದಕ್ಕೇ ಹೊರಟಿದ್ದಾ ಅಂತ ಕೇಳಿದರು. "ನಾನು ನೋಡೋಕೆ ಹೊರಟಿರೋದು ಅದರೊಳಗೆ ಬಿಡೋ ರಾಕೆಟ್ಟನ್ನ" ಅಂದೆ. ತಮಾಷೆ ಅಂದುಕೊಂಡು ನಕ್ಕರು.

ತಮಾಷೆಯೇನಲ್ಲ. ನನ್ನ ತಮ್ಮ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಐದು ವರ್ಷದಿಂದ ಒಂದು ಪುಟ್ಟ ಉಪಕರಣ ಕಟ್ಟುತ್ತಿದ್ದಾನೆ. ಅದು ರಾಕೆಟ್ಟಿನ ಮೂತಿಯಲ್ಲಿ ಕೂತು ಹತ್ತು ಹನ್ನೆರಡು ನಿಮಿಷ ಹಾರುತ್ತದೆ. ಆಮೇಲೆ ಎಲ್ಲೋ ಹಿಮದಲ್ಲೋ ಸಮುದ್ರದಲ್ಲೋ ಬಿದ್ದುಹೋಗುತ್ತದೆ. ಐದು ವರ್ಷಕ್ಕೆ ಹತ್ತು ನಿಮಿಷ ಅನ್ನೋ ಲೆಕ್ಕ ನನ್ನ ತಲೆಗೆ ಯಾವತ್ತೂ ಹೋಗಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು ನಾನು. ತಪ್ಪಾದರೆ ನಾಳೆ ಇನ್ನೊಂದು ವರ್ಷನ್ ಬಿಡುವವರ ಪೈಕಿ. ಎರಡು ವಾರ ರಜೆ ಹಾಕಿ, ಅದೇನು ಅಂತ ಕಣ್ಣಾರೆ ನೋಡಿಬಿಡೋಣ ಅಂತ ಬಂದೆ.

ವಿಮಾನ ನಿಲ್ದಾಣದ ಬಾಗಿಲು ದಾಟಿದ ಮೊದಲ ಉಸಿರಿಗೆ ಮೂಗಿನೊಳಗಿನ ಕೂದಲು ಗರಿಗರಿಯಾಯಿತು. ಮೈನಸ್ 31 ಡಿಗ್ರಿ. ತಮ್ಮ ನನ್ನ ಶೂ ನೋಡಿದ. "ಅಕ್ಕಾ, ಇದನ್ನ ಹಾಕ್ಕೊಂಡು ಬಂದ್ಯಾ?" ಅಂತ ಒಂದೇ ಮಾತು ಕೇಳಿ, ಕಾರಿನ ಡಿಕ್ಕಿಯಿಂದ ಆನೆಕಾಲಿನಂತಹ ಒಂದು ಜೊತೆ ಬೂಟು ತೆಗೆದುಕೊಟ್ಟ.

ಊರಿನ ಕಾರುಗಳ ಮುಂಭಾಗದಿಂದ ಒಂದೊಂದು ಪ್ಲಗ್ ಬಾಲದ ಹಾಗೆ ನೇತಾಡುತ್ತಿರುತ್ತದೆ. ಎಲೆಕ್ಟ್ರಿಕ್ ಕಾರುಗಳಲ್ಲ, ಪೆಟ್ರೋಲಿನವೇ. ರಾತ್ರಿ ಎಂಜಿನ್ ಬೆಚ್ಚಗಿಡಲು ಕರೆಂಟು ಕೊಡಬೇಕಂತೆ. ಪಾರ್ಕಿಂಗ್ ಜಾಗದಲ್ಲೆಲ್ಲ ಪ್ಲಗ್ ಪಾಯಿಂಟ್ ಕಂಬಗಳು. ಇದು ನನಗೆ ಆಮೇಲೆ ಚೆನ್ನಾಗಿ ಅರ್ಥವಾಯಿತು. ಐದನೇ ದಿನ ಹೇಳುತ್ತೇನೆ.

ದಿನ 2

ಮಧ್ಯಾಹ್ನದವರೆಗೆ ನಿದ್ದೆ. ತಮ್ಮ ರಾತ್ರಿಪಾಳಿ, ನಾನೂ ಅದಕ್ಕೇ ಹೊಂದಿಕೊಳ್ಳಬೇಕು.

ಸಂಜೆ ಅಲಾಸ್ಕಾ ಯೂನಿವರ್ಸಿಟಿಯ ಮ್ಯೂಸಿಯಂಗೆ ಹೋದೆ. ಅಲ್ಲೊಂದು ಕೋಣೆಯಿದೆ. ಸೂರ್ಯ ಎಲ್ಲಿದ್ದಾನೆ, ಭೂಮಿ ಎಷ್ಟು ನಡುಗುತ್ತಿದೆ, ಅರೋರಾ ಹೇಗಿದೆ ಅನ್ನುವ ಮಾಹಿತಿಯೇ ಅಲ್ಲಿ ಸ್ವರವಾಗಿ ಕೇಳುತ್ತದೆ. ಆಗ ಅರೋರಾ ಇರಲಿಲ್ಲವೋ ಏನೋ, ಗುಂಯ್ ಅನ್ನುವ ಒಂದೇ ನಾದ. ಅಲ್ಲೇ ಬೆಂಚಿನ ಮೇಲೆ ಮತ್ತೆ ನಿದ್ದೆ ಬಂತು.

ಅಮ್ಮನ ಫೋನ್. ಇಲ್ಲಿಗೂ ಭಾರತಕ್ಕೂ ಹದಿನಾಲ್ಕೂವರೆ ಗಂಟೆ ವ್ಯತ್ಯಾಸ. "ಯಾವತ್ತು ಬಿಡ್ತಾರಂತೆ ರಾಕೆಟ್ಟು?" ಗೊತ್ತಿಲ್ಲಮ್ಮ ಅಂದೆ. "ದಿನ ಗೊತ್ತಿಲ್ದೆ ಹೋದ್ಯಾ?" ಅಮಾವಾಸ್ಯೆಯ ಆಚೀಚೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಅಮಾವಾಸ್ಯೆ ಅಂದರೆ ಹೊಸ ಪೊರಕೆಯನ್ನೂ ಕೊಳ್ಳದ ಮನೆ ನಮ್ಮದು. ಇಲ್ಲಿ ನೋಡಿದರೆ ಅಮಾವಾಸ್ಯೆಯನ್ನೇ ಹುಡುಕಿಕೊಂಡು ಮುಹೂರ್ತ ಇಡುತ್ತಾರೆ. ಬೆಳದಿಂಗಳಿದ್ದರೆ ಅರೋರಾದ ಮಂದ ಬೆಳಕು ಕ್ಯಾಮೆರಾಗೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಚಂದ್ರ ಇಲ್ಲದ ಸುಮಾರು ಎರಡು ವಾರವೇ ಇವರ ಸೀಸನ್. ಅಷ್ಟರಲ್ಲಿ ಹಾರಿಸಲಾಗದಿದ್ದರೆ ಇನ್ನೊಂದು ಅಮಾವಾಸ್ಯೆ. ಕೆಲವೊಮ್ಮೆ ಇನ್ನೊಂದು ವರ್ಷ.

ದಿನ 3

ಇವತ್ತು ರಾಕೆಟ್ ಹಾರಿಸುವ ಜಾಗ, ಪೋಕರ್ ಫ್ಲಾಟ್. ತಮ್ಮ ಮೊದಲೇ ಅನುಮತಿ ತೆಗೆದುಕೊಂಡಿದ್ದ. ಹಗಲು ಹೊತ್ತು, ಕೊರಳಿಗೆ ಬ್ಯಾಡ್ಜ್, ಜೊತೆಗೊಬ್ಬರು.

ಫೇರ್‌ಬ್ಯಾಂಕ್ಸ್‌ನಿಂದ ಸ್ಟೀಸ್ ಹೈವೇಯಲ್ಲಿ ಸುಮಾರು 50 ಕಿಲೋಮೀಟರ್. ದಾರಿಯಲ್ಲಿ ಅಲಾಸ್ಕಾದ ಎಣ್ಣೆ ಪೈಪು ಸಿಗುತ್ತದೆ. ಉತ್ತರದ ಪ್ರೂಡೋ ಬೇಯಿಂದ ದಕ್ಷಿಣದ ವಾಲ್ಡೀಸ್‌ವರೆಗೆ 1,287 ಕಿಲೋಮೀಟರ್, ಶುರುವಾಗಿದ್ದು 1977ರಲ್ಲಿ. ಕೆಳಗಿನ ಹೆಪ್ಪುಗಟ್ಟಿದ ನೆಲ ಕರಗಬಾರದು ಅಂತ ಇಲ್ಲಿ ಪೈಪನ್ನು ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಅರೋರಾ ಜೋರಾದ ರಾತ್ರಿ ಈ ಪೈಪಿನೊಳಗೂ ಕರೆಂಟು ಹರಿಯುತ್ತದಂತೆ. ಆಕಾಶದಲ್ಲಿ ನೂರು ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ತಿನ ಹೊಳೆ ಏರಿಳಿದರೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡುತ್ತದೆ. ಕಾಂತಕ್ಷೇತ್ರ ಅಲ್ಲಾಡಿದರೆ ಉದ್ದನೆಯ ಯಾವ ಲೋಹದಲ್ಲೂ ಕರೆಂಟು ಹುಟ್ಟುತ್ತದೆ. ಹೈಸ್ಕೂಲಿನಲ್ಲಿ ಓದಿದ ಫ್ಯಾರಡೆ ನಿಯಮವೇ. ಅರೋರಾ ಬರೀ ಚಂದದ ಬಣ್ಣ ಅಂದುಕೊಂಡಿದ್ದ ನನಗೆ ಮೊದಲ ಪೆಟ್ಟು ಕೊಟ್ಟಿದ್ದು ಈ ಪೈಪು.

ಪೋಕರ್ ಫ್ಲಾಟ್ ನೋಡಲು ಏನೂ ದೊಡ್ಡದಲ್ಲ. ಕಣಿವೆಯಲ್ಲಿ ಕೆಲವು ಶೆಡ್ಡುಗಳು, ಬೆಟ್ಟದ ಮೇಲೊಂದು ಕಟ್ಟಡ, ಸುತ್ತ ಸಣಕಲು ಸ್ಪ್ರೂಸ್ ಮರಗಳು. ಹೆಸರು ಬಂದಿದ್ದು ಒಂದು ಹಳೆಯ ಅಮೆರಿಕನ್ ಸಣ್ಣಕಥೆಯಿಂದ. 1968ರಲ್ಲಿ ಅಲಾಸ್ಕಾ ಯೂನಿವರ್ಸಿಟಿಯ ನೀಲ್ ಡೇವಿಸ್ ಮತ್ತು ಜೊತೆಯವರು ಕಡಿಮೆ ದುಡ್ಡಿನಲ್ಲಿ, ಸಿಕ್ಕ ಸಿಕ್ಕ ಸಾಮಾನು ಸೇರಿಸಿ ಕಟ್ಟಿದ ಜಾಗ. ಯೂನಿವರ್ಸಿಟಿಯೊಂದು ಸ್ವಂತಕ್ಕೆ ಇಟ್ಟುಕೊಂಡು ನಡೆಸುವ ಇಷ್ಟು ದೊಡ್ಡ ರಾಕೆಟ್ ನೆಲೆ ಇದೊಂದೇ. ರಾಕೆಟ್ ಮತ್ತು ಅದನ್ನು ಹಾರಿಸುವ ತಂಡ ಬರುವುದು ವರ್ಜೀನಿಯಾದ ವಾಲಪ್ಸ್‌ನಿಂದ, ನಾಸಾ ಕಡೆಯಿಂದ.

ಇವಕ್ಕೆ ಸೌಂಡಿಂಗ್ ರಾಕೆಟ್ ಅಂತ ಹೆಸರು. ಸದ್ದಿಗೂ ಇದಕ್ಕೂ ಸಂಬಂಧ ಇಲ್ಲ. ದೋಣಿಯವನು ಗಳ ಇಳಿಸಿ ನೀರಿನ ಆಳ ನೋಡುತ್ತಾನಲ್ಲ, ಹಡಗಿನವರು ಆ ಕೆಲಸಕ್ಕೆ ಇಟ್ಟುಕೊಂಡ ಮಾತು ಅದು. ಇಲ್ಲಿ ಗಳವನ್ನು ಮೇಲಕ್ಕೆ ಇಳಿಸುತ್ತಾರೆ, ಅಷ್ಟೇ.

ಗಳವೇ ಯಾಕೆ ಬೇಕು? ಬಲೂನು ಸುಮಾರು 40 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಸುಸ್ತು. ಉಪಗ್ರಹ 200 ಕಿಲೋಮೀಟರಿಗಿಂತ ಕೆಳಗಿಳಿದರೆ ಗಾಳಿ ಉಜ್ಜಿ ಬೇಗ ಬಿದ್ದುಹೋಗುತ್ತದೆ. ಅರೋರಾದ ಹಸಿರು ಹೊಳೆಯುವುದು ಹೆಚ್ಚಾಗಿ 100ರಿಂದ 150 ಕಿಲೋಮೀಟರಿನಲ್ಲಿ. ಇವರಿಬ್ಬರೂ ಹೋಗಲಾಗದ ನಡುವಿನ ಜಾಗ ಅದು. ಅಲ್ಲಿಗೆ ಹೋಗಿ ಕೈಯಿಟ್ಟು ಬರಲು ರಾಕೆಟ್ ಒಂದೇ ದಾರಿ. ಕಕ್ಷೆಗೀಕ್ಷೆ ಏನಿಲ್ಲ. ಕಲ್ಲು ಎಸೆದ ಹಾಗೆ ಮೇಲೆ ಹೋಗುತ್ತದೆ, ಕೆಳಗೆ ಬೀಳುತ್ತದೆ.

ನಮ್ಮ ಕೇರಳದ ತುಂಬಾ ಅನ್ನುವ ಊರಿನಿಂದ 1963ರ ನವೆಂಬರ್ 21ರಂದು ಹಾರಿದ ನೈಕಿ-ಅಪಾಚೆ ರಾಕೆಟ್ಟೂ ಇದೇ ಜಾತಿ. ಅದು ಸೋಡಿಯಂ ಆವಿ ಚೆಲ್ಲಿ ಮೇಲಿನ ಗಾಳಿ ಎತ್ತ ಬೀಸುತ್ತದೆ ಅಂತ ತೋರಿಸಿತ್ತು. "ತುಂಬಾ ಇರೋದು ಕಾಂತೀಯ ಸಮಭಾಜಕದ ಕೆಳಗೆ, ಇದು ಧ್ರುವದ ಸುತ್ತ ಅರೋರಾ ಕಾಣೋ ಉಂಗುರದ ಕೆಳಗೆ. ಎರಡೂ ಕಡೆ ತಲೆ ಮೇಲೆ ಕರೆಂಟು ಹರೀತಿರುತ್ತೆ, ಅದಕ್ಕೇ ಅಲ್ಲೊಂದು ನೆಲೆ, ಇಲ್ಲೊಂದು ನೆಲೆ" ಅಂದ ತಮ್ಮ.

ಇವರ ರಾಕೆಟ್ ಎರಡು ಹಂತದ್ದು. ಕೆಳಗಿನ ಟೆರಿಯರ್ ನೌಕಾಪಡೆಯಲ್ಲಿ ಬಳಕೆಯಾಗದೆ ಉಳಿದ ಹಳೇ ಕ್ಷಿಪಣಿಯ ಮೋಟಾರು. ಮೇಲಿನದು ಕೆನಡಾದ ಬ್ಲ್ಯಾಕ್ ಬ್ರ್ಯಾಂಟ್, ಒಂದು ಜಾತಿಯ ಬಾತುಕೋಳಿಯಂತಹ ಹಕ್ಕಿಯ ಹೆಸರು. ಯುದ್ಧದ ಸಾಮಾನು ಹೀಗೆ ಉಪಯೋಗಕ್ಕೆ ಬಂದಿದ್ದು ಸರಿಯೇ ಅನ್ನಿಸಿತು.

ಆದರೆ ರಾಕೆಟ್ ಕಾಣಲೇ ಇಲ್ಲ. ಉದ್ದನೆಯ ಹಳಿಗೆ ಜೋತುಬಿದ್ದ ಬಿಳಿ ಪೆಟ್ಟಿಗೆಯೊಂದು ಕಂಡಿತು. ಥರ್ಮೋಕೋಲ್! ಟಿವಿ ಪ್ಯಾಕಿಂಗಿಗೆ ಬರುತ್ತದಲ್ಲ, ಅದೇ. ಹಲಗೆ ಹಲಗೆಯಾಗಿ ಕತ್ತರಿಸಿ ಟೇಪು ಸುತ್ತಿ ರಾಕೆಟ್ಟಿಗೆ ಮನೆ ಕಟ್ಟಿದ್ದಾರೆ. ಒಳಗೆ ಕೊಳವೆಯಲ್ಲಿ ಬಿಸಿಗಾಳಿ ಬಿಡುತ್ತಾರೆ. ಇಲ್ಲದಿದ್ದರೆ ಈ ಚಳಿಗೆ ಇಂಧನವೂ ಕೆಡುತ್ತದೆ, ಬ್ಯಾಟರಿಯೂ ಸಾಯುತ್ತದೆ. "ಹಾರೋವಾಗ ಇದನ್ನ ಯಾರು ಬಿಚ್ತಾರೆ?" ಅಂತ ಕೇಳಿದೆ. "ಯಾರೂ ಬಿಚ್ಚಲ್ಲ. ಒಡ್ಕೊಂಡು ಹೋಗುತ್ತೆ." ಮೊಟ್ಟೆಯೊಡೆದು ಮರಿ ಬಂದ ಹಾಗೆ ಅಂತ ಹೇಳಲು ಹೊರಟೆ. ಅಷ್ಟು ಮೆತ್ತಗೇನೂ ಇರಲಿಕ್ಕಿಲ್ಲ ಅಂತ ಸುಮ್ಮನಾದೆ.

ಅವನ ಉಪಕರಣ ಈಗ ಮೂತಿಯೊಳಗೆ ಸೇರಿಹೋಗಿದೆ. ಅದರದೇ ಜೋಡಿ ಒಂದು ಮೇಜಿನ ಮೇಲಿತ್ತು. ಪೆನ್ಸಿಲ್‌ಗಿಂತ ಸಣ್ಣ ಲೋಹದ ಕಡ್ಡಿ, ಮೇಲೆ ಚಿನ್ನದ ಲೇಪ, ಹಿಂದೆ ಅಂಗೈಯಗಲದ ಸರ್ಕಿಟ್ ಬೋರ್ಡ್. ಲ್ಯಾಂಗ್‌ಮ್ಯೂರ್ ಪ್ರೋಬ್ ಅಂತ ಹೆಸರು. ಕಡ್ಡಿಗೆ ಇಷ್ಟು ವೋಲ್ಟ್ ಕೊಟ್ಟರೆ ಸುತ್ತಲಿನ ಎಲೆಕ್ಟ್ರಾನ್‌ಗಳು ಬಂದು ಅಂಟುತ್ತವೆ. ಎಷ್ಟು ಕರೆಂಟು ಬಂತು ಅಂತ ಅಳೆದರೆ ಅಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ, ಎಷ್ಟು ಬಿಸಿಯಾಗಿವೆ ಅಂತ ಗೊತ್ತಾಗುತ್ತದೆ. "ಬೆರಳಿಂದ ಮುಟ್ಟಬೇಡ" ಅಂದ. ಕೈಯ ಜಿಡ್ಡು ಅಂಟಿದರೂ ಲೆಕ್ಕ ತಪ್ಪುತ್ತದೆ. ಇದನ್ನು ವಾಲಪ್ಸ್‌ನಲ್ಲಿ ನಡುಗಿಸುವ ಯಂತ್ರದ ಮೇಲೆ ಕೂರಿಸಿದ್ದರಂತೆ. ಅವತ್ತು ಒಂದು ಸ್ಕ್ರೂ ಸಡಿಲವಾಗಿ ಮೂರು ತಿಂಗಳ ಕೆಲಸ ಮತ್ತೆ ಮಾಡಿದ್ದು ಅವನಿಗಿನ್ನೂ ನೋವು. ಪಕ್ಕದಲ್ಲಿ ಕೆಂಪು ಬಟ್ಟೆಯ ಪಟ್ಟಿಗಳ ಒಂದು ಗೊಂಚಲು. 'ಹಾರುವ ಮುನ್ನ ತೆಗೆಯಿರಿ' ಅನ್ನುವ ಅರ್ಥದ ಅಕ್ಷರ ಅದರ ಮೇಲೆ. ಮುಚ್ಚಳ ತೆಗೆದಾಗಲೆಲ್ಲ ಪಟ್ಟಿ ಇಲ್ಲಿ ಬಂದು ಸೇರಬೇಕು. ಒಂದು ಕಡಿಮೆ ಬಿದ್ದರೂ ಎಲ್ಲ ನಿಲ್ಲುತ್ತದೆ. ಮದುವೆ ಮನೆಯಲ್ಲಿ ಬಾಡಿಗೆ ಪಾತ್ರೆ ಎಣಿಸುವ ದೊಡ್ಡಮ್ಮನ ನೆನಪಾಯಿತು.

ಹೊರಗೆ ಬರುವಾಗ ಒಂದು ಬಯಲಿನಲ್ಲಿ ಸಾವಿರಾರು ಗುಬುಟುಗಳ ಚಪ್ಪರದಂತಹದ್ದು ಕಂಡಿತು. ಅದು ರಾಡಾರ್. 4,096 ಪುಟ್ಟ ಆಂಟೆನಾ. 2007ರಿಂದ ಕೆಲಸ ಮಾಡುತ್ತಿದೆ. ತಿರುಗುವ ತಟ್ಟೆಯೇ ಇಲ್ಲ. ಕಿರಣ ಯಾವ ಕಡೆ ಹೋಗಬೇಕೋ ಆ ಕಡೆ ಎಲೆಕ್ಟ್ರಾನಿಕ್ ಆಗಿಯೇ ತಿರುಗುತ್ತದೆ. ರಾಕೆಟ್ ಒಂದು ಗೆರೆ ಎಳೆದು ಬಂದರೆ ಇದು ಸುತ್ತಲಿನ ಇಡೀ ಚಿತ್ರ ಬಿಡಿಸುತ್ತದೆ.

ದಿನ 4

ಕೌಂಟ್‌ಡೌನ್ ಶುರುವಾದ ಮೊದಲ ರಾತ್ರಿ. ಹಾರಿಸುವಾಗ ಹೊರಗಿನವರು ಒಳಗಿರುವಂತಿಲ್ಲ. ನನ್ನ ಜಾಗ ಹೈವೇಯ 20ನೇ ಮೈಲಿಯಲ್ಲಿರುವ ಕ್ಲಿಯರಿ ಸಮಿಟ್. ಅರೋರಾ ನೋಡುವವರೆಲ್ಲ ಸೇರುವ ಗುಡ್ಡ.

ವಿಚಿತ್ರ ಅಂದರೆ ಗುಡ್ಡ ಹತ್ತಿದರೆ ಚಳಿ ಕಡಿಮೆ. ಇಲ್ಲಿ ತಣ್ಣನೆಯ ಗಾಳಿ ಕಣಿವೆಯಲ್ಲಿ ನೀರಿನಂತೆ ಇಳಿದು ನಿಲ್ಲುತ್ತದೆ. ಕೆಳಗೆ ಮೈನಸ್ 33, ಮೇಲೆ ಮೈನಸ್ 21. ಹನ್ನೆರಡು ಡಿಗ್ರಿ ಉಳಿತಾಯ ಅಂತ ಖುಷಿಪಟ್ಟುಕೊಂಡೆ. ಎರಡು ಗಂಟೆ ಕಳೆದ ಮೇಲೆ ಆ ಖುಷಿ ಇರಲಿಲ್ಲ.

ಕೌಂಟ್‌ಡೌನ್ ಅಂದರೆ ಹತ್ತು, ಒಂಬತ್ತು, ಎಂಟು ಅಂದುಕೊಂಡಿದ್ದೆ. ಇಲ್ಲಿನ ಗಡಿಯಾರ ಕೆಲವು ನಿಮಿಷ ಬಾಕಿಯಿರುವಾಗ ನಿಂತುಬಿಡುತ್ತದೆ. ಗಂಟೆಗಟ್ಟಲೆ ನಿಂತೇ ಇರುತ್ತದೆ. ಮುಖ್ಯ ವಿಜ್ಞಾನಿ ಹೂಂ ಅಂದಮೇಲೆಯೇ ಮುಂದೆ ಓಡುವುದು. ಅವರು ಹೂಂ ಅನ್ನಲು ಏನೇನು ಕೂಡಿಬರಬೇಕು ಅಂತ ಕೇಳಿದರೆ ಜಾತಕದ ಮೂವತ್ತಾರು ಗುಣ ಸುಲಭ ಅನ್ನಿಸುತ್ತದೆ. ಪೋಕರ್ ಮೇಲೆ ಆಕಾಶ ತಿಳಿಯಾಗಿರಬೇಕು. ಉತ್ತರಕ್ಕೆ ಫೋರ್ಟ್ ಯೂಕಾನ್, ವೆನಿಟೈ ಕಡೆಯ ಕ್ಯಾಮೆರಾಗಳ ಮೇಲೂ ಮೋಡ ಇರಬಾರದು. ನೆಲದ ಗಾಳಿ ಕಡಿಮೆ ಇರಬೇಕು. ರಾಕೆಟ್ ಬೀಳುವ ದಾರಿಯಲ್ಲಿ ವಿಮಾನ ಇರಬಾರದು. ಇಷ್ಟಾದ ಮೇಲೆ ಅರೋರಾ ಬರಬೇಕು. ಬಂದರೂ ಇವರಿಗೆ ಬೇಕಾದ ಆಕಾರದ್ದೇ ಬರಬೇಕು, ಇವರಿಗೆ ಬೇಕಾದ ಕಡೆಯೇ ಬರಬೇಕು.

ಇವತ್ತು ಬರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಮೆಸೇಜ್: "ಸ್ಕ್ರಬ್." ಉಜ್ಜಿ ಹಾಕು ಅಂತ. ಇವತ್ತಿನ ಕಥೆ ಮುಗಿಯಿತು, ನಾಳೆ ಬನ್ನಿ.

ದಿನ 5

ಕಾರು ಸ್ಟಾರ್ಟ್ ಆಗಲಿಲ್ಲ.

ತಮ್ಮನ ಕಾರು ಅವನಿಗೇ ಬೇಕು ಅಂತ ನಾನೊಂದು ಬಾಡಿಗೆಗೆ ತೆಗೆದುಕೊಂಡಿದ್ದೆ. ಕೊಟ್ಟವರು ಕೀ ಕೊಟ್ಟರು, ಸಹಿ ಹಾಕಿಸಿಕೊಂಡರು, ಹ್ಯಾವ್ ಎ ನೈಸ್ ಡೇ ಅಂದರು. ಪ್ಲಗ್ಗಿಗೆ ಬೇಕಾದ ಉದ್ದನೆಯ ವೈರು ಮಾತ್ರ ಕೊಡಲೇ ಇಲ್ಲ. ನಾನೂ ಕೇಳಲಿಲ್ಲ. ಒಂದು ರಾತ್ರಿ ಎಂಟು ಗಂಟೆ ಹೊರಗೆ ನಿಂತದ್ದಕ್ಕೆ ಎಂಜಿನ್ ಆಯಿಲ್ ಬೆಲ್ಲದ ಪಾಕ. ಬ್ಯಾಟರಿ ಹೋಯಿತು. ಫೋನ್ ಮಾಡಿದರೆ ಅದು ನಿಮ್ಮ ಜವಾಬ್ದಾರಿ ಅಂದರು. ಜಂಪ್ ಸ್ಟಾರ್ಟ್ ಮಾಡಿಸಲು, ವೈರು ಕೊಳ್ಳಲು ಸೇರಿ 110 ಡಾಲರ್. ಪಕ್ಕದ ಕೋಣೆಯ ಅಜ್ಜನೊಬ್ಬ ನನ್ನ ಮುಖ ನೋಡಿ, ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ. ಸಕ್ಕರೆ ಇಲ್ಲದ, ಹಾಲೂ ಇಲ್ಲದ ಕಷಾಯ. ಕುಡಿದೆ.

ರಾತ್ರಿ ಗಾಳಿ ಜೋರು, ಹಾಗಾಗಿ ಮತ್ತೆ ಸ್ಕ್ರಬ್. ಈ ರಾಕೆಟ್ಟುಗಳಿಗೆ ಹಾರುವಾಗ ದಾರಿ ತಿದ್ದಿಕೊಳ್ಳುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಗುರಿಯಿಟ್ಟು ಬಿಟ್ಟರೆ ಆಯಿತು. ಹಳಿಯಿಂದ ಜಾರಿದ ಮೊದಲ ಕ್ಷಣಗಳಲ್ಲಿ ವೇಗ ಕಡಿಮೆ, ಗಾಳಿ ತಳ್ಳಿದ ಕಡೆ ಮೂತಿ ತಿರುಗುತ್ತದೆ. ಹಾಗಾಗಿ ರಾತ್ರಿಯಿಡೀ ಬಲೂನು ಬಿಟ್ಟು ಗಾಳಿ ಅಳೆಯುತ್ತಾರೆ. ಅದಕ್ಕೆ ತಕ್ಕಂತೆ ಹಳಿಯ ಕೋನ ಚೂರು ಚೂರು ತಿದ್ದುತ್ತಾರೆ. ಉತ್ತರಕ್ಕೆ ಅಲ್ಲಲ್ಲಿ ಸಣ್ಣ ಸಣ್ಣ ಹಳ್ಳಿಗಳಿವೆ. ತಿದ್ದಲಾಗದಷ್ಟು ಗಾಳಿ ಬಂದರೆ ಮಾತೇ ಇಲ್ಲ.

ದಿನ 6

ಮೋಡ. ಎಲ್ಲರೂ ನಿದ್ದೆ ಮಾಡಿದರು.

ಎದ್ದಮೇಲೆ ತಮ್ಮ 1995ರ ಕಥೆ ಹೇಳಿದ. ಜನವರಿ 25. ನಾರ್ವೆಯ ಆಂಡೋಯದಿಂದ ಅರೋರಾ ನೋಡಲೆಂದೇ ಒಂದು ಬ್ಲ್ಯಾಕ್ ಬ್ರ್ಯಾಂಟ್ ಹಾರಿತು. ನಾಲ್ಕು ಹಂತದ ದೊಡ್ಡದು, 1,400 ಕಿಲೋಮೀಟರಿಗೂ ಮೇಲೆ ಹೋಗಿತ್ತು. ನಾರ್ವೆ ಮೊದಲೇ ರಷ್ಯಾಗೆ ತಿಳಿಸಿತ್ತು. ಆ ಕಾಗದ ರಾಡಾರ್ ನೋಡುವವರ ಮೇಜಿಗೆ ತಲುಪಲೇ ಇಲ್ಲ. ಅವರಿಗೆ ಇದು ಜಲಾಂತರ್ಗಾಮಿಯಿಂದ ಬಂದ ಕ್ಷಿಪಣಿಯಂತೆ ಕಂಡಿತು. ಅಣ್ವಸ್ತ್ರದ ಪೆಟ್ಟಿಗೆ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಮುಂದೆ ತೆರೆಯಿತು. ರಾಕೆಟ್ ರಷ್ಯಾದತ್ತ ಬರುತ್ತಿಲ್ಲ ಅಂತ ಗೊತ್ತಾಗುವವರೆಗೆ ಎಲ್ಲರ ಜೀವ ಬಾಯಿಗೆ. "ನಿಮ್ಮದನ್ನ ಎಲ್ಲರಿಗೂ ಹೇಳಿದೀರಿ ತಾನೇ?" ಅಂತ ಎರಡು ಸಲ ಕೇಳಿದೆ.

ದಿನ 7

ಇವತ್ತು ಕಂಡಿದ್ದನ್ನು ಹೇಗೆ ಹೇಳಲಿ.

ರಾತ್ರಿ ಹತ್ತೂವರೆಗೆ ಉತ್ತರದಲ್ಲಿ ಒಂದು ಮಂಕು ಪಟ್ಟಿ ಬಂತು. ಬೂದು ಬಣ್ಣ, ಮೋಡವೇ ಅನ್ನಬೇಕು. ಅರ್ಧ ಗಂಟೆ ಅಲ್ಲಾಡದೆ ನಿಂತಿತ್ತು. ಆಮೇಲೆ ಅದರ ಕೆಳಅಂಚು ಹಸಿರಾಯಿತು. ಒಂದು ಕಡೆಯಿಂದ ಯಾರೋ ಸೀರೆಯ ನೆರಿಗೆ ಹಿಡಿದು ಜಗ್ಗಿದಂತೆ ಮಡಿಕೆ ಬಿತ್ತು. ಇನ್ನೇನು ಅನ್ನುವಷ್ಟರಲ್ಲಿ ಇಡೀ ಆಕಾಶವೇ ಒಡೆಯಿತು. ನಡು ನೆತ್ತಿಯಿಂದ ಎಲ್ಲ ದಿಕ್ಕಿಗೂ ಕಿರಣ. ಅಂಚಿನಲ್ಲಿ ಗುಲಾಬಿ ಓಡಿತು. ಮೇಲುಗಡೆ ಮಂದ ಕೆಂಪು ನಿಂತಿತ್ತು. ಹಿಮದ ಮೇಲೆ ನನ್ನ ಕೈಯ ನೆರಳು ಬಿತ್ತು. ಪಕ್ಕದಲ್ಲಿದ್ದ ಪ್ರವಾಸಿಗಳು ಕೂಗಿದರು, ಒಬ್ಬಾಕೆ ಅತ್ತಳು. ನಾನು ಕೈಗವಸು ತೆಗೆದು ಕ್ಯಾಮೆರಾ ಒತ್ತಲು ಹೋದೆ. ಬೆರಳು ಟ್ರೈಪಾಡಿನ ಲೋಹಕ್ಕೆ ಅಂಟಿತು. ಕಿತ್ತುಕೊಂಡರೆ ಚರ್ಮ ಸ್ವಲ್ಪ ಅಲ್ಲೇ ಉಳಿಯಿತು. ಅಷ್ಟರಲ್ಲಿ ಬ್ಯಾಟರಿಯೂ ಸತ್ತಿತ್ತು. ಫೋಟೋ ಒಂದೂ ಇಲ್ಲ.

ಇದಕ್ಕಿಂತ ಒಳ್ಳೆ ರಾತ್ರಿ ಯಾವುದು, ಈಗ ಹಾರಿಸುತ್ತಾರೆ ಅಂತ ಕಣಿವೆ ಕಡೆ ನೋಡುತ್ತಾ ನಿಂತೆ. ಕಣಿವೆ ಕತ್ತಲು. ಒಂದು ಗಂಟೆಗೆ ಮೆಸೇಜ್: "ಸ್ಕ್ರಬ್. ಥೂ."

ಬೆಳಗ್ಗೆ ಅವನ ಜೊತೆ ಜಗಳಕ್ಕೇ ಇಳಿದೆ. ಅವನು ಕಾಗದದ ಮೇಲೆ ಬಿಡಿಸಿ ತೋರಿಸಿದ. ಸೂರ್ಯನಿಂದ ಬರುವ ಗಾಳಿ ಭೂಮಿಯ ಕಾಂತಕ್ಷೇತ್ರದ ಬಾಲವನ್ನು ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ಶಕ್ತಿ ಕೂಡುತ್ತಾ ಹೋಗುತ್ತದೆ. ಆಗ ಇಲ್ಲಿ ಕಾಣುವುದು ನೆಟ್ಟಗಿನ ಶಾಂತ ಪಟ್ಟಿ. ತಡೆಯಲಾಗದೆ ಬಿಚ್ಚಿಕೊಂಡರೆ ಎಲೆಕ್ಟ್ರಾನುಗಳು ಕಾಂತರೇಖೆ ಹಿಡಿದು ಇಳಿದು ಬರುತ್ತವೆ. ಅದೇ ನಾನು ಕಂಡ ಸ್ಫೋಟ. ಸಬ್‌ಸ್ಟಾರ್ಮ್ ಅಂತ ಕರೆಯುತ್ತಾರೆ. 1964ರಲ್ಲಿ ಇದರ ಹಂತಗಳನ್ನು ಬಿಡಿಸಿ ಹೇಳಿದವರು ಅಕಾಸೊಫು. ಇದೇ ಫೇರ್‌ಬ್ಯಾಂಕ್ಸ್‌ನಲ್ಲಿ ಬದುಕಿಡೀ ಕೆಲಸ ಮಾಡಿದವರು. ಬೇರೆ ಬೇರೆ ಊರಿನ ಆಕಾಶದ ಫೋಟೋಗಳನ್ನು ಒಟ್ಟಿಗೆ ಜೋಡಿಸಿ ನೋಡಿ ಕಂಡುಹಿಡಿದರಂತೆ.

"ಸರಿ. ಸ್ಫೋಟ ಆಯ್ತಲ್ಲ. ಯಾಕೆ ಬಿಡಲಿಲ್ಲ?"

"ಅಕ್ಕಾ, ನಿನ್ನ ತಲೆ ಮೇಲೆ ಆಯ್ತು. ನಮ್ಮ ರಾಕೆಟ್ ಹೋಗೋದು ಉತ್ತರಕ್ಕೆ, ವೆನಿಟೈ ಕಡೆಗೆ."

ಅರೋರಾ ಜೋರಾದಷ್ಟೂ ಅದರ ಉಂಗುರ ದಕ್ಷಿಣಕ್ಕೆ ಹಿಗ್ಗುತ್ತದೆ. ಊರಿನವರಿಗೆ ಹಬ್ಬ, ಇವರಿಗೆ ಗುರಿ ತಪ್ಪಿದ ಹಾಗೆ. ಇವರ ಈ ರಾಕೆಟ್ಟಿಗೆ ಬೇಕಾಗಿರುವುದೂ ನೆಟ್ಟಗೆ ನಿಂತ ಆ ಬಡಪಾಯಿ ಪಟ್ಟಿಯೇ. ಒಂದೊಂದು ರಾಕೆಟ್ಟಿಗೆ ಒಂದೊಂದು ಹುಚ್ಚು. 2022ರ ಮಾರ್ಚಿನಲ್ಲಿ ಇಲ್ಲಿಂದಲೇ ಹಾರಿದ ಲ್ಯಾಂಪ್ ಅನ್ನುವುದಕ್ಕೆ ಮಿಣುಕು ಹುಳದಂತೆ ಆರಿ ಹೊತ್ತುವ ಅರೋರಾ ಬೇಕಾಗಿತ್ತು. 2018ರ ಜನವರಿಯಲ್ಲಿ ಇನ್ನೊಂದು ರಾಕೆಟ್ 85 ಕಿಲೋಮೀಟರ್ ಎತ್ತರದಲ್ಲಿ 220 ಕಿಲೋ ನೀರು ಸಿಡಿಸಿತ್ತು. 18 ಸೆಕೆಂಡಿನಲ್ಲಿ ಮೋಡ ಹುಟ್ಟಿತಂತೆ! ಇದಕ್ಕೆ ಅರೋರಾ ಬೇಕೇ ಇರಲಿಲ್ಲ. ಪುಣ್ಯವಂತರು.

ಎಲ್ಲಕ್ಕಿಂತ ಕಷ್ಟ ಇನ್ನೊಂದಿದೆ. ರಾಕೆಟ್ ಅಲ್ಲಿಗೆ ಮುಟ್ಟಲು ಎರಡು ಮೂರು ನಿಮಿಷ ಬೇಕು. ಅದಕ್ಕೂ ಮುಂಚೆ ನಿಂತ ಗಡಿಯಾರ ಓಡಿ ಮುಗಿಯಬೇಕು. ಅಂದರೆ ಅರೋರಾ ಈಗ ಎಲ್ಲಿದೆ ಅಂತ ನೋಡಿ ಬಿಟ್ಟರೆ ಆಗದು. ಇನ್ನು ಐದಾರು ನಿಮಿಷಕ್ಕೆ ಎಲ್ಲಿರುತ್ತದೆ ಅಂತ ಊಹಿಸಿ ಬಿಡಬೇಕು. ಸೂರ್ಯನ ಕಡೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತ ಉಪಗ್ರಹಗಳು ಅರ್ಧ ಮುಕ್ಕಾಲು ಗಂಟೆ ಮುಂಚೆ ಸೂಚನೆ ಕೊಡುತ್ತವೆ. ಅಲ್ಲಿ ಸೂರ್ಯನ ಗಾಳಿ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದರೆ ಇಲ್ಲಿ ಏನೋ ಆಗುತ್ತದೆ ಅಂತ. ಏನು, ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದು ಕೂತವರ ಅನುಭವಕ್ಕೆ ಬಿಟ್ಟಿದ್ದು. ಇರುವುದು ಒಂದೇ ರಾಕೆಟ್.

ನನ್ನ ಬೆರಳಿಗೆ ಮುಲಾಮು ಹಚ್ಚುತ್ತಾ ಕೇಳಿದೆ: "ಹೋಗ್ಲಿ, ನಿನ್ನೆ ನೀನಾದ್ರೂ ಹೊರಗೆ ಬಂದು ನೋಡಿದ್ಯಾ?"

"ಸ್ಕ್ರೀನಲ್ಲಿ ನೋಡಿದೆ. ಕಪ್ಪು ಬಿಳುಪು."

ದಿನ 8

ಆಕಾಶ ತಿಳಿ, ಗಾಳಿ ಇಲ್ಲ. ಅರೋರಾ ಅಂದರೆ ಉತ್ತರದಲ್ಲಿ ಮರಗಳ ತುದಿಗಿಂತ ಸ್ವಲ್ಪ ಮೇಲೆ ಒಂದು ತೆಳು ಹಸಿರು ಗೆರೆ. ಯಾರೋ ಪೆನ್ಸಿಲಿನಲ್ಲಿ ಎಳೆದ ಹಾಗೆ. ನಿನ್ನೆ ಅತ್ತಿದ್ದ ಗುಂಪಿನವರು ಹನ್ನೊಂದೂವರೆಗೆ ಬೇಜಾರಾಗಿ ವ್ಯಾನ್ ಹತ್ತಿ ಹೋದರು. ಪಾರ್ಕಿಂಗಿನಲ್ಲಿ ಉಳಿದಿದ್ದು ನಾನು ಮತ್ತು ಒಂದು ಟ್ರಕ್ಕು.

ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ಗೆರೆ ನೆಟ್ಟಗಿತ್ತು. ಉತ್ತರದಲ್ಲೇ ಇತ್ತು. ಅಲ್ಲಾಡುತ್ತಿರಲಿಲ್ಲ. ಒಂದು ವಾರದಲ್ಲಿ ನಾನೂ ಅರ್ಧ ಪಂಡಿತೆ.

12:50ಕ್ಕೆ ಫೋನು ಕುಂಯ್ ಅಂದಿತು. ಒಂದೇ ಪದ: "ಓಡ್ತಿದೆ."

ಗಡಿಯಾರ! ಕಾರಿನಿಂದ ಹೊರಗೆ ಹಾರಿದೆ. ಬಾಗಿಲು ಹಾಕಲಿಲ್ಲ. ಕ್ಯಾಮೆರಾ ಮುಟ್ಟಲೇ ಇಲ್ಲ, ಬೆರಳು ಇನ್ನೂ ಉರಿಯುತ್ತಿತ್ತು. ಸುಮ್ನೆ ನಿಂತೆ.

ಕಣಿವೆಯ ಹಿಂದೆ ಕಿತ್ತಳೆ ಬಣ್ಣದ ಹಗಲಾಯಿತು. ಬೆಟ್ಟದ ಗೆರೆ, ಮರಗಳು, ಹಿಮ ಎಲ್ಲ ಒಮ್ಮೆಲೇ ಕಂಡವು. ಬೆಳಕಿನ ಒಂದು ತುಣುಕು ಬೆಟ್ಟದ ಬೆನ್ನಿಂದ ಕಿತ್ತುಕೊಂಡು ಮೇಲೆ ಹೋಯಿತು. ಇಷ್ಟು ವೇಗವಾಗಿ ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಟಿವಿಯಲ್ಲಿ ನೋಡುವ ದೊಡ್ಡ ರಾಕೆಟ್ ಮದುವೆ ಹೆಣ್ಣಿನಂತೆ ನಿಧಾನವಾಗಿ ಏಳುತ್ತದೆ. ಇದು ಕವಣೆಯಿಂದ ಬಿಟ್ಟ ಕಲ್ಲು. ನಾನು ಬಾಯಿ ತೆರೆಯುವಷ್ಟರಲ್ಲಿ ಆರಿಹೋಯಿತು.

ಕತ್ತಲು. ಏನೋ ತಪ್ಪಾಯಿತು ಅಂತ ಹೊಟ್ಟೆ ತಳಮಳ. ಯಾಕೋ ಎಣಿಸತೊಡಗಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಆರು ಅನ್ನುವಾಗ ಅಷ್ಟೆತ್ತರದಲ್ಲಿ ಇನ್ನೊಂದು ಬೆಳಕು ಹೊತ್ತಿಕೊಂಡಿತು. ಮೊದಲಿನದಕ್ಕಿಂತ ಸಣ್ಣದು, ಬಿಳಿ. ಬ್ಲ್ಯಾಕ್ ಬ್ರ್ಯಾಂಟ್. ಅದು ಉತ್ತರಕ್ಕೆ ಬಾಗುತ್ತಾ ನಕ್ಷತ್ರಗಳ ನಡುವೆ ಹೋಯಿತು. ಇಷ್ಟೂ ಹೊತ್ತು ಒಂಚೂರೂ ಸದ್ದಿಲ್ಲ. ಬೆಳಕು ಸಾಸಿವೆ ಕಾಳಷ್ಟಾದಾಗ ಗುಡುಗು ಬಂತು. ಕಣಿವೆಯಲ್ಲಿ ಉರುಳುತ್ತಾ, ಗುಡ್ಡಕ್ಕೆ ಬಡಿದು, ಕಾರಿನ ಗಾಜು ನಡುಗಿಸಿ ಹೋಯಿತು. ರಾಕೆಟ್ ಆಗಲೇ ಎಲ್ಲೋ ಹೋಗಿಯಾಗಿತ್ತು. ಇದು ಅದರ ಹಳೇ ಸದ್ದು.

ಆಮೇಲೆ ಏನೂ ಇಲ್ಲ. ಹಸಿರು ಗೆರೆ ಇದ್ದ ಹಾಗೇ ಇತ್ತು. ಅದರೊಳಗೆ ಈಗ ನಮ್ಮ ಮನೆಯ ಹುಡುಗ ತಿಕ್ಕಿ ಒರೆಸಿದ ಒಂದು ಚಿನ್ನದ ಕಡ್ಡಿ ಇದೆ ಅಂತ ನನಗೆ ಮಾತ್ರ ಗೊತ್ತು. ಇಷ್ಟು ಹೊತ್ತಿಗೆ ಬುಗುರಿಯಂತೆ ಸುತ್ತುತ್ತಿದ್ದ ರಾಕೆಟ್ ತಂತಿ ಸುತ್ತಿದ ಎರಡು ಗುಂಡು ಬಿಚ್ಚಿ ಎಸೆದು ಸುತ್ತು ನಿಧಾನ ಮಾಡಿಕೊಂಡಿರುತ್ತದೆ. ಮೂತಿಯ ಟೋಪಿ ಕಳಚಿರುತ್ತದೆ. ಕೈಗಳು ಚಾಚಿರುತ್ತವೆ. ಟ್ರಕ್ಕಿನಿಂದ ಇಳಿದಾತ, "ಪೋಕರ್?" ಅಂದ. ಹೂಂ ಅಂದೆ. ತಲೆಯಾಡಿಸಿ, ಮತ್ತೆ ಟ್ರಕ್ ಹತ್ತಿ ಹೋದ.

ದಿನ 9

ತಮ್ಮ ಬೆಳಗ್ಗೆ ಒಂಬತ್ತಕ್ಕೆ ಬಂದ. ಕಣ್ಣು ಕೆಂಪು. ಕೈಯಲ್ಲಿ ಅಂಗೈಯಷ್ಟು ಥರ್ಮೋಕೋಲ್ ಚೂರು, ಒಂದು ಅಂಚು ಕರಗಿ ಕಂದು ತಿರುಗಿದೆ. ಬಯಲೆಲ್ಲ ಇಂಥವೇ ಚೂರುಗಳಂತೆ. ಹಗಲಾದ ಮೇಲೆ ಎಲ್ಲರೂ ಚೀಲ ಹಿಡಿದು ಆರಿಸಬೇಕು, ಹಿಮದ ಮೇಲೆ ಬಿಳಿ ಚೂರು ಹುಡುಕುವುದು ಎಂಥ ಕೆಲಸ ನೋಡಿ. "ತಗೋ, ನಿಂಗೆ ಅಂತ ತಂದೆ."

ಲ್ಯಾಪ್‌ಟಾಪ್ ತೆರೆದು ಗ್ರಾಫ್ ತೋರಿಸಿದ. ಗೆರೆ ಚಪ್ಪಟೆಯಾಗಿ ಬಂದು, ಒಂದು ಕಡೆ ಗೋಡೆಯಂತೆ ಎದ್ದು, ಸ್ವಲ್ಪ ಹೊತ್ತು ಮೇಲೆಯೇ ಇದ್ದು ಇಳಿದಿತ್ತು. "ಇದೇನಾ ಅರೋರಾ?" ಆ ಗೋಡೆ ಅರೋರಾ. ಪಟ್ಟಿಯ ಅಂಚು ದಾಟಿದ ಕ್ಷಣ. ಅದಕ್ಕೂ ಮುಂಚೆ ಇನ್ನೊಂದು ಚೂಪು ಗೆರೆ ಇತ್ತು. ನನಗೆ ಅದೇ ಚಂದ ಕಂಡು, ಇದು ಅಂತ ಬೆರಳಿಟ್ಟೆ. "ಅದು ಟೋಪಿ ಕಳಚಿದಾಗ ರಾಕೆಟ್ ಅಲ್ಲಾಡಿದ್ದು" ಅಂದ. ಇನ್ನು ಯಾವುದು ಅಲ್ಲಾಟ, ಯಾವುದು ಅರೋರಾ ಅಂತ ಬೇರೆ ಮಾಡುತ್ತಾ ಕೂರಬೇಕು. ಎಷ್ಟು ದಿನ ಅಂತ ಕೇಳಿದೆ. ದಿನ ಅಲ್ಲ ಅಕ್ಕಾ, ಒಂದೆರಡು ವರ್ಷ ಅಂದ. ಐದು ವರ್ಷಕ್ಕೆ ಹತ್ತು ನಿಮಿಷ ಅನ್ನೋ ನನ್ನ ಲೆಕ್ಕಕ್ಕೆ ಇನ್ನೊಂದು ಬಾಲ ಸೇರಿತು.

ಅಮ್ಮ ಫೋನ್ ಮಾಡಿದಳು. ಸ್ಪೀಕರ್ ಹಾಕಿದೆ. "ಮಗಾ, ಕಣ್ತುಂಬಾ ನೋಡಿದ್ಯಾ?" ಅಂದಳು.

"ಇಲ್ಲಮ್ಮ. ಒಳಗೆ ನಂಬರ್ ನೋಡ್ತಿದ್ದೆ. ಬಿಟ್ಟಾಗ ಕಟ್ಟಡ ನಡುಗಿತು, ಅಷ್ಟೇ."

ನನಗೆ ಇದು ಹೊಳೆದೇ ಇರಲಿಲ್ಲ. ಇದು ಅವನ ಮೂರನೇ ರಾಕೆಟ್. ಹಿಂದಿನ ಎರಡೂ ಸಲ ಹೀಗೇ ಆಗಿತ್ತಂತೆ. ರಾಕೆಟ್ ಹಾರುವಾಗ ಇವನು ಕಿಟಕಿಯಿಲ್ಲದ ಕೋಣೆಯಲ್ಲಿ ಪರದೆಗೆ ಮೂಗು ತಾಗಿಸಿ ಕೂತಿರುತ್ತಾನೆ. ಎಲೆಕ್ಟ್ರಾನು ಎಣಿಸುವವನಿಗೆ ಬೆಳಕು ನೋಡಲು ಪುರುಸೊತ್ತಿಲ್ಲ.

ಫೋನಿಟ್ಟ ಮೇಲೆ ಅವನು ಹಾಸಿಗೆಯ ಮೇಲೆ ಬೂಟು ಸಮೇತ ಬಿದ್ದುಕೊಂಡ. ಕಣ್ಣು ಮುಚ್ಚಿದ.

"ಅಕ್ಕಾ, ಹೇಗಿತ್ತು ಹೇಳು."

ಹೇಳಿದೆ. ಬೆಟ್ಟದ ಹಿಂದಿನ ಹಗಲು, ಕವಣೆ ಕಲ್ಲು, ಆಮೇಲಿನ ಕತ್ತಲು, ನನ್ನ ಹೊಟ್ಟೆಯ ತಳಮಳ.

"ಕತ್ತಲು ಎಷ್ಟು ಹೊತ್ತಿತ್ತು?"

"ಆರು ಎಣಿಸಿದೆ."

"ಸರಿಯಾಗಿದೆ" ಅಂದ. ಕಣ್ಣು ತೆರೆಯಲಿಲ್ಲ. "ಆಮೇಲೆ?"